ಒಂದು ಗುಲ್ಡನ್‌ಗೆ ಮಾರಾಟವಾದ ಶಿಖರ

ಬಿ.ಕಾಂ ಓದಿದ್ದಕ್ಕೋ ಏನೋ, ಇತಿಹಾಸ ಓದುವಾಗಲೂ ನನ್ನ ಕಣ್ಣು ಮೊದಲು ಹೋಗೋದು ರೇಟಿನ ಕಡೆಗೆ. ಇವತ್ತಿನ ಕಥೆ ಸಿಕ್ಕಿದ್ದೂ ಹಾಗೇ.

ಸ್ಲೊವೇನಿಯಾದ ಅತಿ ಎತ್ತರದ ಶಿಖರ ತ್ರಿಗ್ಲಾವ್, 2,864 ಮೀಟರ್. ಹೆಸರಿನ ಅರ್ಥ 'ಮೂರು ತಲೆ'. ನಮ್ಮ ತ್ರಿಮೂರ್ತಿಯ 'ತ್ರಿ'ಗೂ ಈ 'ತ್ರಿ'ಗೂ ದೂರದ ನೆಂಟಸ್ತಿಕೆ ಇದೆ.

1895ರಲ್ಲಿ ಇದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಜಾಗ. ಬೆಟ್ಟದ ದಾರಿ, ತಂಗುಮನೆ, ಬೋರ್ಡು ಎಲ್ಲದರಲ್ಲೂ ಜರ್ಮನ್ ಕ್ಲಬ್‌ಗಳದ್ದೇ ಜೋರು. ಅಲ್ಲಿನ ದೋವ್ಯೆ ಎಂಬ ಹಳ್ಳಿಯ ಪಾದ್ರಿ ಯಾಕೋಬ್ ಆಲ್ಯಾಜ್‌ಗೆ ಇದು ಸಹಿಸಲಿಲ್ಲ. ಅವರು ಭಾಷಣ ಮಾಡುತ್ತಾ ಕೂರಲಿಲ್ಲ. ತುದಿಯ ಚೂರು ಜಾಗವನ್ನ ಒಂದೇ ಒಂದು ಗುಲ್ಡನ್‌ಗೆ ಖರೀದಿಸಿ, ತಗಡಿನ ಪುಟ್ಟ ಗೋಪುರ ನಿಲ್ಲಿಸಿಬಿಟ್ಟರು. ಕಾಗದ ಪತ್ರ ಪಕ್ಕಾ ಇದ್ದರೆ ಯಾರು ತೆಗೆಸ್ತಾರೆ?

ಈಗ ನೀರಿನ ಲೆಕ್ಕ ನೋಡಿ. ಈ ಪರ್ವತ ಸಾಲಿನ ಒಂದು ಕಡೆ ಸೋಚಾ ನದಿ, ಸುಣ್ಣಕಲ್ಲನ್ನ ಕೊರೆದು ಕಿರಿದಾದ ಕಮರಿಗಳಲ್ಲಿ ಹಸಿರು-ನೀಲಿಯಾಗಿ ಹರಿದು ಏಡ್ರಿಯಾಟಿಕ್ ಸೇರುತ್ತೆ. ಇನ್ನೊಂದು ಕಡೆ ಸಾವಾ, ಡ್ಯಾನ್ಯೂಬ್ ಮೂಲಕ ಕಪ್ಪು ಸಮುದ್ರಕ್ಕೆ. ನಕ್ಷೆ ಮುಂದೆ ಕೂತ ರಾಜಕಾರಣಿಗಳಿಗೆ ಇಂಥ ಜಲವಿಭಾಜಕ ಅಂದ್ರೆ ರೆಡಿಮೇಡ್ ಗಡಿ.

ಮೊದಲ ಮಹಾಯುದ್ಧದಲ್ಲಿ ಸೋಚಾ ಕಣಿವೆಗಾಗಿ 1915ರಿಂದ 1917ರವರೆಗೆ 12 ಕದನಗಳು ನಡೆದವು. ಸತ್ತವರು, ಗಾಯಗೊಂಡವರು ಲಕ್ಷಗಟ್ಟಲೆ. ಇಟಲಿ ಅವನ್ನ 'ಇಸೊಂಜೊ' ಕದನಗಳು ಅನ್ನುತ್ತೆ. ಅದೇ ನದಿ, ಬೇರೆ ಹೆಸರು. 1920ರ ರಪಾಲ್ಲೋ ಒಪ್ಪಂದದಲ್ಲಿ ಗಡಿ ತ್ರಿಗ್ಲಾವ್ ತುದಿಯ ಮೇಲೇ ಬಂತು. ಆಲ್ಯಾಜ್ ಗೋಪುರಕ್ಕೆ ಎರಡೂ ದೇಶದವರು ತಮ್ಮ ತಮ್ಮ ಬಣ್ಣ ಬಳಿದದ್ದೂ ಉಂಟು.

ನೀರು ಎರಡು ಕಡೆ ಹರಿಯುತ್ತೆ, ಸರಿ. ಆದ್ರೆ ಬೆಟ್ಟದ ಎರಡೂ ಬದಿಯ ಜನ ಆಡ್ತಿದ್ದದ್ದು ಒಂದೇ ಸ್ಲೊವೇನ್ ಭಾಷೆ. ಇಟಲಿ ಪಾಲಾದ ಕಡೆ, 1923ರ ಶಿಕ್ಷಣ ಕಾಯ್ದೆಯ ನಂತರ ಶಾಲೆಗಳಿಂದ ಆ ಭಾಷೆ ಹಂತಹಂತವಾಗಿ ಮಾಯವಾಯ್ತು. ಊರಿನ ಹೆಸರು, ಮನೆತನದ ಹೆಸರುಗಳೂ ಇಟಾಲಿಯನ್ ಆದವು. 1947ರ ಶಾಂತಿ ಒಪ್ಪಂದದಲ್ಲಿ ಕಣಿವೆಯ ಬಹುಭಾಗ ಯುಗೊಸ್ಲಾವಿಯಾಕ್ಕೆ ಬಂತು. 1991ರಲ್ಲಿ ಸ್ಲೊವೇನಿಯಾ ಸ್ವತಂತ್ರವಾಯ್ತು.

ಇವತ್ತು ಆ ಶಿಖರ ದೇಶದ ಧ್ವಜದಲ್ಲಿದೆ, ಅವರ 50 ಸೆಂಟ್ ಯೂರೋ ನಾಣ್ಯದಲ್ಲೂ ಇದೆ. ಒಂದು ನಾಣ್ಯ ಕೊಟ್ಟು ಕೊಂಡ ತುದಿ, ಈಗ ತಾನೇ ನಾಣ್ಯದ ಮೇಲೆ! ಪಾದ್ರಿ ಕೊಂಡದ್ದು ಬರೀ ಕಲ್ಲಲ್ಲ, ಈ ಬೆಟ್ಟದ ಹೆಸರನ್ನ ತಮ್ಮ ಭಾಷೆಯಲ್ಲೇ ಕರೆಯೋ ಹಕ್ಕನ್ನ ಅಂತ ನನಗನ್ನಿಸುತ್ತೆ. ನಿಮಗೇನನ್ನಿಸ್ತು, ಹೇಳಿ. ಮುಂದಿನ ಸಂಚಿಕೇಲಿ ಸಿಗೋಣ.