ಕೂತಲ್ಲೇ ಓಡುವ ಕುರ್ಚಿಯ ಕಥೆ

ಬೆಳ್ಳಂದೂರಿನಲ್ಲಿ ಕಾರು ಓಡಿಸುವುದು ಅಂದರೇನು ಅಂತ ಇಲ್ಲಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬಲೂರಿನಿಂದ ಸಿಲ್ಕ್ ಬೋರ್ಡ್ ತನಕ ಒಂದನೇ ಗೇರು, ಎರಡನೇ ಗೇರು, ಮತ್ತೆ ನ್ಯೂಟ್ರಲ್ಲು. ಹೀಗೆ ಒಂದು ಗಂಟೆ ತೆವಳಿಕೊಂಡು ಮನೆಗೆ ಬಂದವನು, ಊಟ ಮುಗಿಸಿ ರೂಮಿನ ಬಾಗಿಲು ಹಾಕಿಕೊಂಡು ಮತ್ತೊಂದು ಸ್ಟೀರಿಂಗ್ ಹಿಡಿದು ಕೂತರೆ ಮನೆಯವರು ಏನಂದುಕೊಳ್ಳಬೇಕು ಹೇಳಿ! "ದಿನವಿಡೀ ಓಡಿಸಿದ್ದು ಸಾಲದಾ?" ಅಂತ ನನ್ನ ಹೆಂಡತಿ ಕೇಳಿದ್ದು ಸರಿಯಾಗಿಯೇ ಇದೆ. ಆದರೆ ರಿಂಗ್ ರೋಡಿನಲ್ಲಿ ನಾನು ಓಡಿಸಿದ್ದೆಲ್ಲಿ? ಕೂತಿದ್ದೆ, ಅಷ್ಟೇ.

ರೂಮಿನಲ್ಲಿರುವುದು ಒಂದು ಹಳೇ ಕಾರಿನ ಸೀಟು. ಅದಕ್ಕೊಂದು ಕಬ್ಬಿಣದ ಚೌಕಟ್ಟು, ಸೀಟಿನ ಅಡಿಯಲ್ಲಿ ಗುಜರಿಯಿಂದ ತಂದ ಯೂನಿವರ್ಸಲ್ ಜಾಯಿಂಟು, ಹಿಂದೆ ಎರಡು ವೈಪರ್ ಮೋಟರು. ಕಂಪ್ಯೂಟರಿನ ರೇಸಿನಲ್ಲಿ ಕಾರು ಎಡಕ್ಕೆ ತಿರುಗಿದರೆ ಸೀಟು ಬಲಕ್ಕೆ ವಾಲುತ್ತದೆ, ಬ್ರೇಕು ಒತ್ತಿದರೆ ಮುಂದಕ್ಕೆ ಬಾಗುತ್ತದೆ. ಮೊನ್ನೆ ಮನೆಗೆ ಬಂದ ಗೆಳೆಯನೊಬ್ಬ ಇದರಲ್ಲಿ ಕೂತು ಎರಡು ಸುತ್ತು ಹೊಡೆದು, ಇಳಿದು, "ಈ ಹುಚ್ಚಾಟ ಮೊದಲು ಯಾರಿಗೆ ಹೊಳೀತು ಮಾರಾಯ?" ಅಂದ. ಉತ್ತರ ಹುಡುಕುತ್ತಾ ಹೋದರೆ ಕಥೆ ಸುಮಾರು ನೂರು ವರ್ಷ ಹಿಂದಕ್ಕೆ ಹೋಯಿತು. ಅಷ್ಟೇ ಅಲ್ಲ, ನಮ್ಮ ಬೆಳ್ಳಂದೂರು ಕೆರೆಯ ಪಕ್ಕಕ್ಕೂ ಬಂತು.

ಶುರುವಾಗಿದ್ದು ಸಂಗೀತದಿಂದ ಅಂದರೆ ನಂಬುತ್ತೀರಾ? ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಬಿಂಗ್‌ಹ್ಯಾಮ್ಟನ್ ಅಂತ ಒಂದು ಊರು. ಅಲ್ಲಿ ಎಡ್ವಿನ್ ಲಿಂಕ್ ಎಂಬವನ ಅಪ್ಪನಿಗೆ ಪಿಯಾನೋ ಮತ್ತು ಆರ್ಗನ್ ತಯಾರಿಸುವ ಕಾರ್ಖಾನೆ ಇತ್ತು. ಮಗನಿಗೆ ವಿಮಾನದ ಹುಚ್ಚು. ವಿಮಾನ ಕಲಿಯುವುದಕ್ಕೆ ಗಂಟೆಗಿಷ್ಟು ಅಂತ ದುಡ್ಡು ಸುರಿಯಬೇಕು, ಅವನ ಬಳಿ ಅಷ್ಟಿಲ್ಲ. ಆರ್ಗನ್ ಅಂದರೆ ನಮ್ಮ ಹಾರ್ಮೋನಿಯಂನ ದೊಡ್ಡಣ್ಣ. ಅದರ ಜೀವ ಇರುವುದೂ ತಿದಿಯಲ್ಲೇ. ಗಾಳಿ ತುಂಬಿದರೆ ಉಬ್ಬುತ್ತದೆ, ಎಳೆದರೆ ಕುಗ್ಗುತ್ತದೆ. ಈ ಪುಣ್ಯಾತ್ಮ ಅದೇ ತಿದಿಗಳನ್ನು ಒಂದು ಪುಟಾಣಿ ಮರದ ವಿಮಾನದ ಹೊಟ್ಟೆಯ ಕೆಳಗೆ ಇಟ್ಟ. ಒಳಗೆ ಕೂತವನು ಕೋಲು ಎಳೆದರೆ ಒಂದು ತಿದಿ ಉಬ್ಬಿ ಇನ್ನೊಂದು ಕುಗ್ಗಿ ವಿಮಾನ ವಾಲುತ್ತದೆ, ಮೇಲೇಳುತ್ತದೆ. 1929ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ.

ತಮಾಷೆ ಏನು ಗೊತ್ತಾ? ವಾಯುಪಡೆಯವರು ಇದನ್ನು ಮೊದಮೊದಲು ಗಂಭೀರವಾಗಿ ತೆಗೆದುಕೊಳ್ಳಲೇ ಇಲ್ಲ. ಆಗ ಕೊಂಡವರು ಹೆಚ್ಚಾಗಿ ಮನರಂಜನಾ ಪಾರ್ಕಿನವರು. ನಮ್ಮ ಜಾತ್ರೆಯಲ್ಲಿ ತೊಟ್ಟಿಲು, ಕುದುರೆ ಗಿರಗಟ್ಲೆ ಇರುತ್ತಲ್ಲ, ಹಾಗೆ ಚಿಲ್ಲರೆ ಕೊಟ್ಟು ಆಡುವ ಆಟವಾಗಿತ್ತು ಅದು.

1934ರ ಫೆಬ್ರವರಿಯಲ್ಲಿ ಎಲ್ಲ ಬದಲಾಯಿತು. ಅಮೆರಿಕ ಸರ್ಕಾರ ವಿಮಾನದ ಅಂಚೆ ಸಾಗಿಸುವ ಕೆಲಸವನ್ನು ಖಾಸಗಿ ಕಂಪನಿಗಳಿಂದ ಕಿತ್ತು ಸೇನೆಗೆ ಒಪ್ಪಿಸಿತು. ಕೊರೆಯುವ ಚಳಿಗಾಲ, ಮಂಜು, ರಾತ್ರಿ. ಮೀಟರುಗಳನ್ನು ಮಾತ್ರ ನೋಡಿಕೊಂಡು ಹಾರುವ ಅಭ್ಯಾಸ ಸೇನೆಯ ಹುಡುಗರಿಗೆ ಸಾಕಷ್ಟಿರಲಿಲ್ಲ. ಕೆಲವೇ ವಾರಗಳಲ್ಲಿ ಹತ್ತಾರು ಅಪಘಾತಗಳಾಗಿ ಒಂದು ಡಜನ್‌ನಷ್ಟು ಜನ ಸತ್ತರು. ಆಗ ಸೇನೆಗೆ ಜಾತ್ರೆಯ ಆಟಿಕೆ ನೆನಪಾಯಿತು! ಆರು ಲಿಂಕ್ ಟ್ರೈನರುಗಳನ್ನು ಕೊಂಡರು, ಒಂದಕ್ಕೆ 3500 ಡಾಲರಿನಂತೆ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಹತ್ತು ಸಾವಿರದಷ್ಟು ಟ್ರೈನರುಗಳು ತಯಾರಾಗಿ, 5 ಲಕ್ಷದಷ್ಟು ಜನ ಅದರಲ್ಲಿ ಕೂತು ಕಲಿತಿದ್ದರು.

ಮಂಜಿನಲ್ಲಿ ಪೈಲಟ್‌ಗಳು ಯಾಕೆ ಸಾಯುತ್ತಿದ್ದರು? ನಮ್ಮ ಕಿವಿ ಸುಳ್ಳು ಹೇಳುತ್ತದೆ, ಅದಕ್ಕೆ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತದ ನಾಳಗಳಿವೆ. ಅವು ತಿರುಗುವುದನ್ನಲ್ಲ, ತಿರುಗುವ ವೇಗ ಬದಲಾಗುವುದನ್ನು ಹೇಳುತ್ತವೆ. ಚಿಕ್ಕಂದಿನಲ್ಲಿ ಅಂಗಳದಲ್ಲಿ ಗಿರಗಿರನೆ ಸುತ್ತಿ ಥಟ್ಟನೆ ನಿಂತಾಗ ಭೂಮಿಯೇ ತಿರುಗಿದಂತೆ ಆಗುತ್ತಿತ್ತಲ್ಲ, ಇದೇ. ಅದರ ಪಕ್ಕದಲ್ಲೇ ಸುಣ್ಣದ ಹರಳುಗಳಿರುವ ಇನ್ನೊಂದು ಅಂಗವಿದೆ. ಹಿಂದಕ್ಕೆ ವಾಲಿದ್ದೀಯೋ ಅಥವಾ ಮುಂದಕ್ಕೆ ಜೋರಾಗಿ ನುಗ್ಗುತ್ತಿದ್ದೀಯೋ ಎನ್ನುವ ವ್ಯತ್ಯಾಸವೇ ಅದಕ್ಕೆ ತಿಳಿಯುವುದಿಲ್ಲ. ಎರಡರಲ್ಲೂ ಬೆನ್ನು ಸೀಟಿಗೆ ಒತ್ತುತ್ತದೆ. ಕಣ್ಣು ಸಾಕ್ಷಿ ಹೇಳಿದರೆ ಮಾತ್ರ ನಿಜ ಗೊತ್ತಾಗುತ್ತದೆ. ಮಂಜಿನಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ, ಕಿವಿಯನ್ನು ನಂಬಿದ ಪೈಲಟ್ ನೆಲಕ್ಕೆ ಬೀಳುತ್ತಾನೆ.

ಇದೇ ಸುಳ್ಳನ್ನು ನಾವು ಬಳಸಿಕೊಳ್ಳುತ್ತೇವೆ ನೋಡಿ. ನನ್ನ ಸೀಟು ಎಲ್ಲಿಗೂ ಓಡುವುದಿಲ್ಲ. ಪರದೆಯ ಮೇಲೆ ಕಾರು ಬ್ರೇಕು ಹಾಕಿದಾಗ ಸೀಟು ಮುಂದಕ್ಕೆ ಬಾಗುತ್ತದೆ, ಗುರುತ್ವ ನನ್ನನ್ನು ಮುಂದಕ್ಕೆ ಎಳೆಯುತ್ತದೆ, ಕಣ್ಣು ಪರದೆಯಲ್ಲಿ ನೆಟ್ಟಿರುವುದರಿಂದ ಮೆದುಳು "ಓಹೋ, ಬ್ರೇಕು" ಅಂದುಕೊಳ್ಳುತ್ತದೆ. ಪೈಲಟ್‌ಗಳನ್ನು ಕೊಂದ ಭ್ರಮೆಯೇ ಇಲ್ಲಿ ನಮಗೆ ಮಜಾ ಕೊಡುತ್ತಿದೆ.

ಈಗ ನಮ್ಮೂರಿಗೆ ಬರೋಣ. ಬೆಳ್ಳಂದೂರು ಕೆರೆ ಅಂದರೆ ಈಗ ಎಲ್ಲರಿಗೂ ನೆನಪಾಗುವುದು ನೊರೆ, ಬೆಂಕಿ. ಆದರೆ ಎರಡನೇ ಮಹಾಯುದ್ಧದ ಕಾಲದಲ್ಲಿ ಕ್ಯಾಟಲೀನಾ ಎಂಬ ನೀರ ಮೇಲೆ ಇಳಿಯುವ ವಿಮಾನಗಳು ದುರಸ್ತಿಗೆಂದು ಇದೇ ಕೆರೆಗೆ ಬಂದು ಇಳಿಯುತ್ತಿದ್ದವು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಶುರುಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ, ಅಂದರೆ ಇವತ್ತಿನ ಎಚ್‌ಎಎಲ್, ಕೆರೆಯ ಆಚೆ ಬದಿಗೇ ಇತ್ತಲ್ಲ. ಇವತ್ತಿಗೂ ನಮ್ಮ ಬಾಲ್ಕನಿಯಲ್ಲಿ ನಿಂತರೆ ಅಲ್ಲಿಂದ ಏಳುವ ವಿಮಾನಗಳ ಸದ್ದು ಕಿವಿಗೆ ಅಪ್ಪಳಿಸುತ್ತದೆ.

ಅದೇ ರನ್‌ವೇಯಿಂದ 1961ರ ಜೂನ್ 17ರಂದು ಮಾರುತ್ ಎಂಬ ಯುದ್ಧವಿಮಾನ ಮೊದಲ ಬಾರಿಗೆ ಹಾರಿತು. ವಿನ್ಯಾಸ ಜರ್ಮನಿಯ ಕುರ್ಟ್ ಟ್ಯಾಂಕ್ ತಂಡದ್ದು. ಹಾರಿಸಿದವರು ಸುರಂಜನ್ ದಾಸ್. ಹೊಸ ವಿಮಾನ ಹೇಗೆ ವರ್ತಿಸುತ್ತದೆ ಅಂತ ತಿಳಿಯಬೇಕಾದರೆ ಆಗ ಯಾರಾದರೂ ಒಬ್ಬರು ಹಾರಿಯೇ ನೋಡಬೇಕಿತ್ತು. 1970ರ ಜನವರಿಯಲ್ಲಿ ಮಾರುತದ ಸುಧಾರಿತ ಮಾದರಿಯೊಂದನ್ನು ಪರೀಕ್ಷಿಸುವಾಗ ಬೆಂಗಳೂರಿನಲ್ಲೇ ವಿಮಾನ ಬಿದ್ದು ದಾಸ್ ತೀರಿಕೊಂಡರು. ಹಳೇ ಮದ್ರಾಸು ರಸ್ತೆಯಿಂದ ಎಚ್‌ಎಎಲ್ ಕಡೆಗೆ ಬರುವ ಸುರಂಜನ್ ದಾಸ್ ರಸ್ತೆಯಲ್ಲಿ ದಿನಾ ಸಾವಿರಾರು ಜನ ಓಡಾಡುತ್ತಾರೆ. ಅದು ಯಾರ ಹೆಸರು ಅಂತ ಎಷ್ಟು ಜನಕ್ಕೆ ಗೊತ್ತೋ!

ಆ ರಸ್ತೆಗೆ ಹತ್ತಿರದಲ್ಲೇ, ಸಿ.ವಿ. ರಾಮನ್ ನಗರದಲ್ಲಿ, ಎಡಿಇ ಎಂಬ ರಕ್ಷಣಾ ಸಂಶೋಧನಾ ಸಂಸ್ಥೆ ಇದೆ. 1959ರಲ್ಲಿ ಹುಟ್ಟಿದ್ದು. ಪೈಲಟ್ ಇಲ್ಲದ ವಿಮಾನಗಳಿಗೆ ಹೆಸರಾದ ಈ ಸಂಸ್ಥೆಯ ಇನ್ನೊಂದು ಮುಖ್ಯ ಕೆಲಸವೇ ಸಿಮ್ಯುಲೇಟರ್. ತೇಜಸ್ ಬಂದಾಗ ಇದು ಅನಿವಾರ್ಯವೂ ಆಯಿತು. ತೇಜಸ್ ತನ್ನಷ್ಟಕ್ಕೆ ಸಮತೋಲ ಕಾಯ್ದುಕೊಳ್ಳುವ ವಿಮಾನವಲ್ಲ. ಕಂಪ್ಯೂಟರ್ ಕ್ಷಣಕ್ಷಣಕ್ಕೂ ಹಿಡಿದುಕೊಂಡಿರಬೇಕು. ಆ ಹಿಡಿತದ ನಿಯಮಗಳನ್ನು ಬರೆಯುವ ಕೆಲಸದಲ್ಲಿ ಜೊತೆಯಾಗಿದ್ದ ಅಮೆರಿಕದವರು 1998ರ ಪೋಖ್ರಾನ್ ಪರೀಕ್ಷೆಯ ನಂತರ ಕೈಬಿಟ್ಟರು. ನಮ್ಮ ಎಂಜಿನಿಯರುಗಳು ವಾಪಸು ಬಂದು ಇಲ್ಲೇ ಕೆಲಸ ಮುಂದುವರಿಸಿದರು. ಎನ್‌ಎಎಲ್ ಮತ್ತು ಎಡಿಇಯ ಸಿಮ್ಯುಲೇಟರುಗಳಲ್ಲಿ ಆ ವಿಮಾನ ನೆಲದ ಮೇಲೆ ಕೂತೇ ಸಾಕಷ್ಟು ಸಲ ಹಾರಿತು, ತಪ್ಪಿತು, ತಿದ್ದಿಕೊಂಡಿತು. ಆಮೇಲೆ 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಅದನ್ನು ನಿಜವಾಗಿ ಹಾರಿಸಿದರು. ಅಲ್ಲಿಂದ 23 ವರ್ಷ ಒಂದೇ ಒಂದು ತೇಜಸ್ ಬೀಳಲಿಲ್ಲ. ಮೊದಲನೆಯದು ಬಿದ್ದದ್ದು 2024ರ ಮಾರ್ಚಿನಲ್ಲಿ ಜೈಸಲ್ಮೇರ್ ಬಳಿ, ಪೈಲಟ್ ಪಾರಾದರು. 2025ರ ನವೆಂಬರಿನಲ್ಲಿ ದುಬೈನ ಪ್ರದರ್ಶನದಲ್ಲಿ ಬಿದ್ದಾಗ ಮಾತ್ರ ಪೈಲಟ್ ಉಳಿಯಲಿಲ್ಲ. ಸಿಮ್ಯುಲೇಟರ್ ಸಾವನ್ನು ಪೂರ್ತಿ ತಡೆಯುವುದಿಲ್ಲ. ಆದರೆ ಮೊದಲ ತಪ್ಪನ್ನು ಜೀವ ಕೊಟ್ಟೇ ಕಲಿಯಬೇಕೆಂಬ ಶಿಕ್ಷೆಯನ್ನು ತಪ್ಪಿಸುತ್ತದೆ.

ಅಂದಹಾಗೆ, ದೊಡ್ಡ ಸಿಮ್ಯುಲೇಟರುಗಳ ಕೆಳಗೆ ಜೇಡದಂತೆ ಆರು ಕಾಲುಗಳಿರುತ್ತವಲ್ಲ, ಅದು ಹುಟ್ಟಿದ್ದು ವಿಮಾನಕ್ಕಲ್ಲ, ಕಾರಿನ ಟಯರಿಗೆ! ಬರ್ಮಿಂಗ್‌ಹ್ಯಾಮಿನ ಡನ್‌ಲಪ್ ಕಂಪನಿಯ ಎರಿಕ್ ಗೌಫ್, ಟಯರನ್ನು ಎಲ್ಲ ದಿಕ್ಕಿನಿಂದಲೂ ಒತ್ತಿ ಪರೀಕ್ಷಿಸಲು 1950ರ ದಶಕದಲ್ಲಿ ಇಂಥದೊಂದು ಯಂತ್ರ ಮಾಡಿದ. 1965ರಲ್ಲಿ ಸ್ಟೂವರ್ಟ್ ಎಂಬವನು ಆರು ದಿಕ್ಕಿನ ಚಲನೆಯ ವೇದಿಕೆಯ ಬಗ್ಗೆ ಲೇಖನ ಬರೆದ. ಹೆಸರು ಅವನದೇ ಉಳಿಯಿತು, ಪಾಪ ಗೌಫ್! 1985ರಲ್ಲಿ ಡೈಮ್ಲರ್-ಬೆಂಜ್ ಬರ್ಲಿನ್ನಿನಲ್ಲಿ ಇಂಥದ್ದರ ಮೇಲೆ ಕಾರನ್ನೇ ಕೂರಿಸಿತು. ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಕೂಡಿ 2010ರಲ್ಲಿ ಬೆಂಗಳೂರಿನಲ್ಲಿ ಸಿಮ್ಯುಲೇಟರಿನ ಮೇಲೆ ಹೆಲಿಕಾಪ್ಟರ್ ಕಲಿಸುವ ಹ್ಯಾಟ್ಸಾಫ್ ಎಂಬ ಕೇಂದ್ರ ತೆರೆದವು.

ಆಟದ ಕಡೆಯ ಕಥೆ ಬೇರೆ ದಾರಿಯಲ್ಲಿ ಬಂತು. 1985ರಲ್ಲಿ ಜಪಾನಿನ ಸೇಗಾ ಕಂಪನಿ ಹ್ಯಾಂಗ್ ಆನ್ ಎಂಬ ಆಟಕ್ಕೆ ಬೈಕಿನ ಆಕಾರದ ಪೆಟ್ಟಿಗೆ ಮಾಡಿತು, ಮೈ ವಾಲಿಸಿಯೇ ತಿರುಗಿಸಬೇಕು. 1986ರ ಔಟ್ ರನ್ನಿನ ದೊಡ್ಡ ಪೆಟ್ಟಿಗೆ ಮೋಟರಿನಿಂದ ತಾನೇ ಅಲ್ಲಾಡುತ್ತಿತ್ತು. 1998ರ ಗ್ರ್ಯಾಂಡ್ ಪ್ರಿ ಲೆಜೆಂಡ್ಸ್, 2005ರ ಆರ್‌ಫ್ಯಾಕ್ಟರ್, 2008ರ ಐರೇಸಿಂಗ್ ಬರುವ ಹೊತ್ತಿಗೆ ಟಯರಿನ ಹಿಡಿತ, ಸ್ಪ್ರಿಂಗಿನ ಕುಣಿತ ಎಲ್ಲವನ್ನೂ ಮನೆಯ ಕಂಪ್ಯೂಟರೇ ಲೆಕ್ಕ ಹಾಕತೊಡಗಿತು. ಆ ಲೆಕ್ಕವನ್ನು ಹೊರಗೆ ತೆಗೆದು ಒಂದು ಆರ್ಡುಯಿನೋ ಬೋರ್ಡಿಗೆ ಕೊಟ್ಟರೆ ಮೋಟರು ಕುಣಿಯುತ್ತದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಫಾರ್ಮುಲಾ ಒನ್ನಿನವರೇ ಕಂಪ್ಯೂಟರಿನಲ್ಲಿ ರೇಸು ನಡೆಸಿದರು. ಲೆಕ್ಲೇರ್, ನಾರಿಸ್‌ರಂಥ ನಿಜವಾದ ಡ್ರೈವರುಗಳೇ ಮನೆಯಲ್ಲಿ ಕೂತು ಓಡಿಸಿದರು. ನನಗೂ ಹುಚ್ಚು ಹಿಡಿದದ್ದು ಆಗಲೇ. ಬೆಂಗಳೂರಿನವನು ರೇಸ್ ಟ್ರ್ಯಾಕು ನೋಡಬೇಕಾದರೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಗೋ, ಕೊಯಮತ್ತೂರಿಗೋ ಹೋಗಬೇಕು. ಇದು ಪಕ್ಕದ ರೂಮಿನಲ್ಲೇ ಇದೆ.

ಬೆಂಗಳೂರಿನಲ್ಲಿ ಇಂಥದ್ದನ್ನು ಕಟ್ಟುವುದು ಸುಲಭ ಮಾರಾಯ್ರೆ. ಬೋರ್ಡು, ವೈರು, ಪವರ್ ಸಪ್ಲೈ ಎಲ್ಲ ಎಸ್.ಪಿ. ರೋಡಿನಲ್ಲಿ. ಮೋಟರು ಜೆ.ಸಿ. ರೋಡಿನಲ್ಲಿ. ಪೀಣ್ಯದ ಒಂದು ಸಣ್ಣ ಲೇತ್ ಶಾಪಿನಲ್ಲಿ ಮೋಟರಿನ ತೋಳುಗಳನ್ನು ಕಡೆಸಿಕೊಂಡೆ. ಅಲ್ಲಿನ ಯಜಮಾನರು ನನ್ನ ಚಿತ್ರ ನೋಡಿ, "ಇದು ಯಾವ ಮಿಷಿನ್ನಿಗೆ ಸಾರ್?" ಅಂದರು. "ಆಟಕ್ಕೆ" ಅಂದೆ. ಕನ್ನಡಕದ ಮೇಲಿಂದ ಒಮ್ಮೆ ನೋಡಿದರು ಅಷ್ಟೆ, ಕೆಲಸ ಮಾತ್ರ ಕೂದಲೆಳೆ ವ್ಯತ್ಯಾಸ ಇಲ್ಲದಂತೆ ಮಾಡಿಕೊಟ್ಟರು.

ಕಟ್ಟುವುದು ಸುಲಭ, ಪಳಗಿಸುವುದು ಕಷ್ಟ. ಮೊದಲ ದಿನ ಎಲ್ಲವನ್ನೂ ಪೂರ್ತಿ ಏರಿಸಿಟ್ಟೆ. ಸೀಟು ಹುಚ್ಚು ಕುದುರೆಯಂತೆ ಎಗರಾಡಿತು. ಐದೇ ನಿಮಿಷಕ್ಕೆ ಹೊಟ್ಟೆ ತೊಳಸಿ, ಬಾತ್‌ರೂಮಿಗೆ ಓಡಿದೆ. ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರು. ಆಮೇಲೆ ಲೆಕ್ಕ ಹಾಕಿದೆ: ಹತ್ತು ಡಿಗ್ರಿ ಬಾಗಿಸಿದರೆ ಸಿಗುವುದು ಗುರುತ್ವದ ಆರನೇ ಒಂದು ಭಾಗ ಬಲ. ಫಾರ್ಮುಲಾ ಒನ್ ಕಾರಿನ ಬ್ರೇಕು ಗುರುತ್ವದ ಐದು ಪಟ್ಟಿನಷ್ಟು ತಳ್ಳಬಲ್ಲದು. ಎಷ್ಟು ಅಲ್ಲಾಡಿಸಿದರೂ ಆ ಬಲ ಇಲ್ಲಿ ಹುಟ್ಟುವುದಿಲ್ಲ. ಹಾಗಾದರೆ ಕೊಡಬೇಕಾದ್ದು ಬಲವನ್ನಲ್ಲ, ಸುದ್ದಿಯನ್ನು. ಹಿಂದಿನ ಚಕ್ರ ಜಾರಲು ಶುರುವಾದ ಕ್ಷಣದಲ್ಲಿ ಒಂದು ಸಣ್ಣ ತಳ್ಳು, ಕಣ್ಣಿಗೆ ಕಾಣುವ ಹೊತ್ತಿಗೆ ಸರಿಯಾಗಿ. ತಡವಾದರೆ ಅದೇ ವಾಂತಿಗೆ ದಾರಿ. ತಳ್ಳಿದ ಮೇಲೆ ಸೀಟನ್ನು ಕಿವಿಗೆ ಗೊತ್ತಾಗದಷ್ಟು ಮೆಲ್ಲಗೆ, ಸೆಕೆಂಡಿಗೆ ಎರಡು ಮೂರು ಡಿಗ್ರಿಯಂತೆ, ನಡುವಿಗೆ ತಂದು ನಿಲ್ಲಿಸಬೇಕು. ಇದಕ್ಕೆ ವಾಷ್‌ಔಟ್ ಅನ್ನುತ್ತಾರೆ, ವಿಮಾನದ ಸಿಮ್ಯುಲೇಟರಿನವರು ಕಂಡುಕೊಂಡ ಉಪಾಯ.

ಚಲನೆಯನ್ನು ಅರ್ಧಕ್ಕಿಂತ ಕಡಿಮೆ ಮಾಡಿದೆ. ಭಾರ ಸರಿಯಾಗಿ ಜಾಯಿಂಟಿನ ಮೇಲೆ ಬರುವಂತೆ ಸೀಟು ಸರಿಸಿ, ಹಿಂದೆ ಎರಡು ಸ್ಪ್ರಿಂಗು ಕೊಟ್ಟೆ. ಅಲ್ಲಿಯವರೆಗೆ ನನ್ನ ತೂಕ ಹೊತ್ತು ಮೋಟರಿನೊಳಗಿನ ಪ್ಲಾಸ್ಟಿಕ್ ಗೇರು ಎರಡು ಸಲ ಸವೆದಿತ್ತು. ಕಾಲಿನಡಿ ರಬ್ಬರು ಹಾಕಿದ ಮೇಲೆ ಕೆಳಗಿನ ಮನೆಯವರೂ ತಣ್ಣಗಾದರು. ಈಗ ದುಡ್ಡಿರುವವರು ವೈಪರ್ ಮೋಟರು ಬಿಟ್ಟು ಸರ್ವೋ ಮೋಟರು, ಬಾಲ್ ಸ್ಕ್ರೂ ಹಾಕುತ್ತಾರೆ. ಮೋಟರು ನಿಮಿಷಕ್ಕೆ 3000 ಸುತ್ತು, ಸುತ್ತಿಗೆ 5 ಮಿಲಿಮೀಟರು, ಅಂದರೆ ಸೆಕೆಂಡಿಗೆ ಕಾಲು ಮೀಟರು ಮೇಲೇಳುತ್ತದೆ. ನನಗೂ ಆಸೆ ಇದೆ, ಮನೆಯಲ್ಲಿ ಇನ್ನೂ ಹೇಳಿಲ್ಲ!

ಜಾತ್ರೆಯ ಆಟಿಕೆಯಾಗಿ ಹುಟ್ಟಿ, ಹೆಣಗಳನ್ನು ನೋಡಿದ ಮೇಲೆ ಶಾಲೆಯಾಗಿ, ಈಗ ಮತ್ತೆ ಆಟಿಕೆಯಾಗಿ ನನ್ನ ರೂಮಿಗೆ ಬಂದಿದೆ ಈ ಕುರ್ಚಿ. ನಿನ್ನೆ ರಾತ್ರಿ ತಿರುವಿನಲ್ಲಿ ಹಿಡಿತ ತಪ್ಪಿ ಗೋಡೆಗೆ ಗುದ್ದಿದೆ. ಸೀಟು ಒಮ್ಮೆ ನಡುಗಿ ನಿಂತಿತು. ಒಂದು ಗುಂಡಿ ಒತ್ತಿದೆ, ಕಾರು ಹೊಸದಾಗಿ ಗೆರೆಯ ಹಿಂದೆ ನಿಂತಿತ್ತು. ಹೊರಗೆ ಕೆರೆಯ ಆಚೆ ಎಚ್‌ಎಎಲ್ ರನ್‌ವೇಯ ದೀಪಗಳು. ಸುರಂಜನ್ ದಾಸ್ ಅವರಿಗೆ ಆ ಗುಂಡಿ ಇರಲಿಲ್ಲ ಅನ್ನುವುದು ನೆನಪಾಗಿ, ಆಟ ಅಲ್ಲಿಗೇ ನಿಲ್ಲಿಸಿ ಮಲಗಿದೆ.

ಮುಂದಿನ ಸಲ ಆ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ ಬೋರ್ಡಿನ ಮೇಲಿನ ಹೆಸರನ್ನು ಒಮ್ಮೆ ಓದಿ. ಹೇಗೂ ಟ್ರಾಫಿಕ್ಕಿನಲ್ಲಿ ಟೈಮ್ ಇರುತ್ತಲ್ಲ!