ಅರವತ್ತು ದಿನದ ನೋಟಿಸು

ನಾನು ಬ್ಯಾಂಕಿನ ವಸೂಲಾತಿ ವಿಭಾಗಕ್ಕೆ ಬಂದ ಕಾಲಕ್ಕೆ ಅಡವಿಟ್ಟ ಆಸ್ತಿ ಮಾರಿಸಲು ಸಿವಿಲ್ ಕೋರ್ಟೇ ಗತಿ. ದಾವೆ, ಡಿಕ್ರಿ, ಆಮೇಲೆ ಅಮಲ್ಜಾರಿ ಅರ್ಜಿ. ಅಷ್ಟರಲ್ಲಿ ಕಾರ್ಖಾನೆಯ ಯಂತ್ರಗಳಿಗೆ ತುಕ್ಕು ಹಿಡಿದಿರುತ್ತಿತ್ತು. 1993ರ ಕಾಯ್ದೆ ಸಾಲ ವಸೂಲಾತಿ ನ್ಯಾಯಮಂಡಳಿಗಳನ್ನು ತಂದಿತು. ಅಲ್ಲೂ ಕಡತಗಳು ಬೆಳೆದವು.

2002ರ ಸರ್ಫೇಸಿ ಕಾಯ್ದೆ ದಾರಿಯನ್ನೇ ಬದಲಿಸಿತು. ಸಾಲ ಎನ್‌ಪಿಎ (ಅನುತ್ಪಾದಕ ಆಸ್ತಿ) ಆದರೆ 13(2)ನೇ ಕಲಮಿನಡಿ 60 ದಿನಗಳ ನೋಟಿಸು. ಕಟ್ಟದಿದ್ದರೆ ದಾವೆ ಹೂಡದೆಯೇ ಬ್ಯಾಂಕು ಆಸ್ತಿಯನ್ನು ಸ್ವಾಧೀನಕ್ಕೆ ಪಡೆದು ಹರಾಜು ಹಾಕಬಹುದು. ಕೆಟ್ಟ ಸಾಲಗಳನ್ನೇ ಕೊಳ್ಳುವ ಆಸ್ತಿ ಪುನಾರಚನಾ ಕಂಪನಿಗಳಿಗೂ ಇದೇ ಕಾಯ್ದೆ ಆಧಾರ. ಆರ್ಸಿಲ್ ಅವುಗಳಲ್ಲಿ ಮೊದಲನೆಯದು.

ಆದರೆ ಮೂಲ ಕಾಯ್ದೆಯಲ್ಲಿ ಒಂದು ಅನ್ಯಾಯವಿತ್ತು. ಸ್ವಾಧೀನವನ್ನು ಪ್ರಶ್ನಿಸಿ ನ್ಯಾಯಮಂಡಳಿಯ ಮೆಟ್ಟಿಲೇರುವ ಸಾಲಗಾರ, ಮಂಡಳಿ ರಿಯಾಯಿತಿ ಕೊಡದಿದ್ದರೆ, ಬ್ಯಾಂಕು ಕೇಳಿದ ಮೊತ್ತದ ಶೇ. 75ರಷ್ಟನ್ನು ಠೇವಣಿ ಇಡಬೇಕಿತ್ತು. ಕೈ ಬರಿದಾದವನು ಅಷ್ಟನ್ನು ಎಲ್ಲಿಂದ ತಂದಾನು? 2004ರ ಏಪ್ರಿಲ್‌ನಲ್ಲಿ ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿದು, ಈ ಷರತ್ತನ್ನು ರದ್ದುಪಡಿಸಿತು. ಸಾಲಗಾರನ ಆಕ್ಷೇಪಣೆಯನ್ನು ಬ್ಯಾಂಕು ಪರಿಶೀಲಿಸಿ, ಒಪ್ಪದಿದ್ದರೆ ಕಾರಣ ತಿಳಿಸಬೇಕೆಂದೂ ಹೇಳಿತು. ಮನೆಬಾಗಿಲಿಗೆ ಸ್ವಾಧೀನದ ನೋಟಿಸು ಅಂಟಿಸುವಾಗ ಒಳಗಿನವರ ಮುಖ ನೋಡಿದವನು ನಾನು. ಆ ತೀರ್ಪು ಬರಲೇಬೇಕಿತ್ತು.

ಕೃಷಿ ಜಮೀನಿನ ಅಡವಿಗೆ ಈ ಕಾಯ್ದೆ ಅನ್ವಯಿಸದು. ಇದು ಅನೇಕ ರೈತರಿಗೆ ಗೊತ್ತಿಲ್ಲ. ಉಳಿದವರಿಗೆ ನನ್ನ ಮಾತಿಷ್ಟೆ: ನೋಟಿಸು ಬಂದರೆ ಬೀರುವಿನಲ್ಲಿ ಬಚ್ಚಿಡಬೇಡಿ. ಲಿಖಿತ ಆಕ್ಷೇಪಣೆ ಕೊಡಿ. ಅದನ್ನು ಒಪ್ಪದಿದ್ದರೆ 15 ದಿನದೊಳಗೆ ಕಾರಣ ತಿಳಿಸುವುದು ಬ್ಯಾಂಕಿನ ಹೊಣೆ.