ಮೈಸೂರಿನ ರಾಜಾಶ್ರಯವೂ ಮೆಡ್ಟ್‌ನರರ ಧ್ವನಿಮುದ್ರಣವೂ

ಸಂಗೀತಕ್ಕೆ ರಾಜಾಶ್ರಯವೆಂದರೆ ವಿದ್ವಾಂಸರಿಗೆ ಸಂಭಾವನೆ, ಖಿಲ್ಲತ್ತು, ಆಸ್ಥಾನದಲ್ಲಿ ಕಚೇರಿ ಎಂಬುದು ಕನ್ನಡನಾಡಿನ ಚರಿತ್ರೆಯಿಂದ ವಿದಿತವಾಗಿದೆ. ಗುಡೇಕೋಟೆಯಂತಹ ಪಾಳೆಯಪಟ್ಟುಗಳಲ್ಲಿ ಆಳಿಕೆಯು ಅಳಿದು ಕೋಟೆಯ ಕಲ್ಲುಗಳು ಉಳಿದಿವೆ. ಅಲ್ಲಿ ಕೇಳಿದ ಗಾನವು ಉಳಿಯುವ ಉಪಾಯವಿರಲಿಲ್ಲ. ಗ್ರಾಮೊಫೋನು ಬಂದ ಮೇಲೆ ಆಶ್ರಯದ ಕೆಲಸವು ಹೇಗೆ ಮಾರ್ಪಟ್ಟಿತೆಂಬುದಕ್ಕೆ ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಒಡೆಯರು (1919–1974) ಲಂಡನ್ನಿನಲ್ಲಿ ಮಾಡಿಸಿದ ಧ್ವನಿಮುದ್ರಣವು ತಕ್ಕ ನಿದರ್ಶನವಾಗಿದೆ.

ನಿಕೊಲಾಯ್ ಮೆಡ್ಟ್‌ನರರು 1880ರಲ್ಲಿ ಮಾಸ್ಕೋದಲ್ಲಿ ಜನಿಸಿದರು. 1921ರಲ್ಲಿ ರಷ್ಯಾ ದೇಶವನ್ನು ಬಿಟ್ಟು, ಕಡೆಗೆ ಲಂಡನ್ನಿನಲ್ಲಿ ನೆಲಸಿದರು. ಎರಡನೆಯ ಮಹಾಯುದ್ಧದಿಂದ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ವರಮಾನವು ನಿಂತಿತು. 1942ರಲ್ಲಿ ಹೃದ್ರೋಗವೂ ತಲೆದೋರಿತು. ಪಿಯಾನೊ ವಾದನದಲ್ಲಿ ಅವರು ಪ್ರವೀಣರಾಗಿದ್ದರೂ ಅವರ ಕೃತಿಗಳ ತಟ್ಟೆಗಳಿಗೆ ಕೊಳ್ಳುವವರು ವಿರಳ.

ಇಂತಹ ಸಂಗೀತವನ್ನು ಹೊರತರಲು ಹಿಸ್ ಮಾಸ್ಟರ್ಸ್ ವಾಯ್ಸ್ ಸಂಸ್ಥೆಯಲ್ಲಿ ಒಂದು ಕ್ರಮವು ಆಗಲೇ ಇತ್ತು. 1931ರಲ್ಲಿ ವಾಲ್ಟರ್ ಲೆಗ್ಗರು ಹ್ಯೂಗೊ ವುಲ್ಫ್ ಸಂಘವನ್ನು ಏರ್ಪಡಿಸಿ, 500 ಮಂದಿ ಚಂದಾದಾರರು ಮುಂಗಡ ಹಣ ಕೊಟ್ಟರೆ ಮುದ್ರಣವೆಂದು ನಿಯಮಿಸಿದ್ದರು. ನಷ್ಟದ ಭಯವು ಇದರಿಂದ ಹಲವರಿಗೆ ಹಂಚಿಹೋಗುತ್ತಿತ್ತು. ಮೆಡ್ಟ್‌ನರ್ ಸಂಘದಲ್ಲಾದರೋ ಆ ಭಾರವನ್ನು ಮಹಾರಾಜರೊಬ್ಬರೇ ಹೊತ್ತರು.

ಕಾರ್ಯವು ಸುಲಭದ್ದಾಗಿರಲಿಲ್ಲ. ಅಂದಿನ ತಟ್ಟೆಯ ಒಂದು ಮುಖದಲ್ಲಿ ನಾಲ್ಕೈದು ನಿಮಿಷದ ವಾದನ ಮಾತ್ರ ಹಿಡಿಯುತ್ತಿದ್ದುದರಿಂದ, ದೀರ್ಘವಾದ ಕೃತಿಯನ್ನು ತುಂಡುತುಂಡಾಗಿ ನುಡಿಸಬೇಕಾಗಿತ್ತು. ಆದರೂ 67 ವರ್ಷದ ಮೆಡ್ಟ್‌ನರರು 1947ರಲ್ಲಿ ತಮ್ಮ ಮೂರು ಕನ್ಸರ್ಟೊಗಳನ್ನೂ ಫಿಲ್‌ಹಾರ್ಮೋನಿಯ ವಾದ್ಯವೃಂದದೊಡನೆ ನುಡಿಸಿದರು. ಮೊದಲನೆಯದನ್ನು ಜಾರ್ಜ್ ವೆಲ್ಡನ್ನರೂ ಉಳಿದೆರಡನ್ನು ಇಸಾಯ್ ದೊಬ್ರೊವೆನ್ನರೂ ನಿರ್ದೇಶಿಸಿದರು. ಮೂರನೆಯ ಕನ್ಸರ್ಟೊ ಮಹಾರಾಜರಿಗೆ ಅರ್ಪಿತವಾಗಿದೆ.

1948ರಲ್ಲಿ ಮಹಾರಾಜರು ಲಂಡನ್ನಿನ ಫಿಲ್‌ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಪ್ರಥಮಾಧ್ಯಕ್ಷರಾದರು. ಬಾಲಕಿರೆವ್, ರೂಸೆಲ್ ಮೊದಲಾದವರ ಅಪರೂಪದ ಕೃತಿಗಳು ಅವರ ನೆರವಿನಿಂದ ಮುದ್ರಿತವಾದುವು. 1950ರ ಮೇ 22ರಂದು ರಿಚರ್ಡ್ ಸ್ಟ್ರೌಸರ ಕೊನೆಯ ನಾಲ್ಕು ಗೀತೆಗಳು ಲಂಡನ್ನಿನಲ್ಲಿ ಮೊದಲ ಬಾರಿಗೆ ಹಾಡಲ್ಪಟ್ಟಾಗಲೂ ಖರ್ಚಿಗೆ ಹೊಣೆ ನಿಂತವರು ಅವರೇ. ಆಗ ಅವರು ಸಂಸ್ಥಾನದ ಅರಸರಲ್ಲ, ರಾಜಪ್ರಮುಖರು.

ಪರದೇಶದ ಸಂಗೀತಕ್ಕೆ ಇಷ್ಟು ವ್ಯಯವೇಕೆಂದು ಆಕ್ಷೇಪಿಸಬಹುದು. ಆದರೆ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ಮಹಾರಾಜರು ಸ್ವದೇಶದ ಗಾನವನ್ನು ಮರೆತವರಲ್ಲ. ಮೆಡ್ಟ್‌ನರರು 1951ರ ನವೆಂಬರಿನಲ್ಲಿ ತೀರಿಕೊಂಡರು. ನಾಲ್ಕು ವರ್ಷ ತಡವಾಗಿದ್ದರೆ ಆ ಕನ್ಸರ್ಟೊಗಳು ಕಾಗದದ ಮೇಲೆ ಮಾತ್ರ ಉಳಿದು, ಅವನ್ನು ರಚಿಸಿದ ಕೈಯ ವಾದನವು ನಷ್ಟವಾಗುತ್ತಿತ್ತು. ಹಣವನ್ನು ಸಕಾಲದಲ್ಲಿ ಒದಗಿಸಿದುದೇ ಈ ಆಶ್ರಯದ ಮುಖ್ಯ ಗುಣವೆಂದು ಹೇಳಬೇಕು.